ಕಾಗದದ ವ್ಯೋಮನೌಕಾ ಪ್ರತಿಕೃತಿ

ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ನಕ್ಷೆಗಳನ್ನು ಮುದ್ರಿಸಿ, ಕತ್ತರಿಸಿ, ಮಡಚಿ, ಅಂಟಿಸಿ ರಚಿಸುವ, ಕೃತಕೋಪಗ್ರಹಗಳ, ರಾಕೆಟ್ಟುಗಳ ಹಾಗೂ ವೈಜ್ಞಾನಿಕ ಕಥೆಗಳ ಕಲ್ಪಿತ ನೌಕೆಗಳ ಘನಾಕೃತಿ. ವಾಯೇಜರ್, ಕ್ಯಾಸಿನಿ ಮೊದಲಾದವುಗಳ ನಕ್ಷೆಗಳನ್ನು ನಾಸಾ ಸಂಸ್ಥೆಯೇ ಒದಗಿಸಿದೆ.

ಕನ್ನಡನಾಡಿನ ಬಾಲಕರಿಗಾದರೋ, ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆಯನ್ನು ಸೇರಿದ, 26 ಮುಖಗಳುಳ್ಳ ಆರ್ಯಭಟ ಉಪಗ್ರಹಕ್ಕಿಂತ ಯೋಗ್ಯವಾದ ಮೊದಲ ಪಾಠ ಬೇರೊಂದಿಲ್ಲ. ಏಕೆಂದರೆ ಅದರ ಮುಖಗಳು ಸಮತಲವಾಗಿರುವುದರಿಂದ, ರಾಕೆಟ್ಟಿನ ಶಂಕುವಿನಾಕಾರದ ತುದಿಯನ್ನು ಸುತ್ತುವಾಗ ಒದಗುವ ಕ್ಲೇಶ ಇಲ್ಲಿಲ್ಲ. ಮಡಿಕೆಯ ಗೆರೆಗಳನ್ನು ಶಾಯಿ ತೀರಿದ ಬಾಲ್‌ಪೆನ್ನಿನ ಮೊನೆಯಿಂದ, ಅಳತೆಪಟ್ಟಿಯ ಅಂಚಿಗೆ ಒತ್ತಿ ಎಳೆದ ಬಳಿಕವೇ ಮಡಚತಕ್ಕದ್ದು; ಇಲ್ಲವಾದರೆ ಅಂಚುಗಳು ಸೊಟ್ಟಗಾಗಿ, ಕಡೆಯ ಮುಖವು ಕೂಡಿಕೊಳ್ಳದು.

ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯುವ ಮುನ್ನ, ಸಮೀಪದ ನಂದೂರ ಮೊದಲಾದ ಗ್ರಾಮಗಳ ಉಪಾಧ್ಯಾಯರು ಇಂತಹ ಪ್ರತಿಕೃತಿಯೊಂದನ್ನು ಅವರ ಕೈಯಿಂದಲೇ ಮಾಡಿಸಬೇಕು.