ಅಜ್ಜಿಯ ಡಬ್ಬಿಯಲ್ಲಿದ್ದ ಗಾಜಿನ ಮನೆ



ಹೊಸೂರಿನ ನಮ್ಮ ಯುವಕ ಸಂಘದವರು ಹಳೆಯ ಫೋಟೋಗಳನ್ನು ಸೇರಿಸಿ ಒಂದು ಸ್ಮರಣ ಸಂಚಿಕೆ ತರಬೇಕೆಂದು ಮನೆಮನೆ ಸುತ್ತುತ್ತಿದ್ದೆವು. ಒಬ್ಬ ಅಜ್ಜಿ ತಮ್ಮ ಬಿಸ್ಕತ್ತಿನ ಡಬ್ಬಿಯಿಂದ ಒಂದು ಚಿತ್ರದ ಅಂಚೆ ಕಾರ್ಡು ತೆಗೆದುಕೊಟ್ಟರು. ಮಾಸಿದ ಕಂದು ಬಣ್ಣ; ಕಬ್ಬಿಣದ ಕಂಬಗಳ ಮೇಲೆ ದೊಡ್ಡ ಗಾಜಿನ ಚಾವಣಿ. ಅಡಿಯಲ್ಲಿ ಇಂಗ್ಲಿಷಿನಲ್ಲಿ ‘ಗ್ಲಾಸ್ ಹೌಸ್’ ಎಂದಷ್ಟೇ ಇತ್ತು, ಊರಿನ ಹೆಸರಿಲ್ಲ. “ಇದು ನಮ್ಮ ಲಾಲ್‌ಬಾಗು ಕಣ್ರೋ” ಎಂದರು ಅಜ್ಜಿ.

ನಾವು ನಂಬಲಿಲ್ಲ. ಮೊಬೈಲಿನಲ್ಲಿ ಹುಡುಕಿ, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂದು ತೀರ್ಮಾನಿಸಿ, ಶೀರ್ಷಿಕೆಯನ್ನೂ ಬರೆದುಬಿಟ್ಟೆವು. ಅಚ್ಚಿಗೆ ಹೋಗುವ ಮುಂಚೆ ಅಜ್ಜಿಗೆ ತೋರಿಸಿದಾಗ ಅವರು ಚಿತ್ರದ ಮೂಲೆಗೆ ಬೆರಳಿಟ್ಟು, “ಲಂಡನ್ನಿನಲ್ಲಿ ಮಾಲಿ ಪಂಚೆ ಉಡ್ತಾನೇನೋ?” ಎಂದರು. ಭೂತಗನ್ನಡಿ ಹಿಡಿದು ನೋಡಿದರೆ ನಿಜ, ಪೇಟ ಸುತ್ತಿ ಪಂಚೆ ಉಟ್ಟವನೊಬ್ಬ ಹೂಕುಂಡಗಳ ಪಕ್ಕದಲ್ಲಿ ನಿಂತಿದ್ದ!

ನಮ್ಮ ತಪ್ಪಿಗೂ ಒಂದು ಕಾರಣವಿತ್ತೆನ್ನಿ. 1851ರ ಮಹಾ ಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕಬ್ಬಿಣ, ಗಾಜುಗಳಿಂದ ಕಟ್ಟಿಸಿದ ಕ್ರಿಸ್ಟಲ್ ಪ್ಯಾಲೇಸೇ ಲಾಲ್‌ಬಾಗಿನ ಗಾಜಿನ ಮನೆಗೆ ಮಾದರಿ. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟದ ಉಸ್ತುವಾರಿ 1874ರಲ್ಲಿ ಜಾನ್ ಕ್ಯಾಮೆರಾನ್ ಅವರಿಗೆ ಬಂತು. ಸಸ್ಯಗಳನ್ನು ಬೆಳೆಸಲು, ಫಲಪುಷ್ಪ ಪ್ರದರ್ಶನ ನಡೆಸಲು ಒಂದು ಸೂರು ಬೇಕಿತ್ತು. ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಎರಕವಾಗಿ, ಕಡಲು ದಾಟಿ ಬಂದವು. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದರು. ಮೊದಲಿಗೆ ಕಟ್ಟಡಕ್ಕೆ ಅವರದೇ ಹೆಸರಿತ್ತು. ಜನರ ಬಾಯಲ್ಲಿ ಉಳಿದದ್ದು ಗಾಜಿನ ಮನೆ.

ವಿಚಿತ್ರ ನೋಡಿ: ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಸುಟ್ಟುಹೋದದ್ದೂ ನವೆಂಬರ್ 30ರಂದೇ, 1936ರಲ್ಲಿ. ಅಸಲು ಹೋಯಿತು, ಅದನ್ನು ನೋಡಿ ಕಟ್ಟಿದ್ದು ಉಳಿಯಿತು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ, 1935ರಲ್ಲಿ, ಭದ್ರಾವತಿಯ ಉಕ್ಕಿನಿಂದ ಗಾಜಿನ ಮನೆಗೆ ಪೂರ್ವದ ಭಾಗವನ್ನು ಸೇರಿಸಿದ್ದರು.

ಅಜ್ಜಿಯ ಕಾರ್ಡು ಅದಕ್ಕಿಂತಲೂ ಹಳೆಯದಿರಬೇಕು. ಅದರ ಹಿಂಬದಿಯಲ್ಲಿ ನಡುಗೆರೆ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳವರೆಗೆ ಕಾರ್ಡಿನ ಹಿಂಬದಿ ವಿಳಾಸಕ್ಕೆ ಮಾತ್ರ ಮೀಸಲು. ಸುದ್ದಿ ಬರೆಯುವುದಿದ್ದರೆ ಚಿತ್ರದ ಬದಿಯಲ್ಲೇ ಜಾಗ ಹುಡುಕಬೇಕಿತ್ತು. ಅಜ್ಜಿಯ ಕಾರ್ಡಿನಲ್ಲೂ ಚಾವಣಿಯ ಮೇಲಿನ ಆಕಾಶದಲ್ಲಿ ಪೆನ್ಸಿಲಿನ ಎರಡು ಸಾಲುಗಳಿವೆ, ಕನ್ನಡದಲ್ಲಿ. ‘ಕ್ಷೇಮ’ ಎಂಬುದನ್ನು ಬಿಟ್ಟು ಉಳಿದದ್ದು ಅಳಿಸಿಹೋಗಿದೆ.

ಸೀಮೆಬದನೆಯನ್ನು ಇಲ್ಲಿಗೆ ತಂದವರೂ ಕ್ಯಾಮೆರಾನರೇ ಎನ್ನುತ್ತಾರೆ. ನಮ್ಮ ಸಂತೆಯಲ್ಲಿ ತಮಿಳು ಮಾತಾಡುವವರು ಅದನ್ನು ಇಂದಿಗೂ ‘ಬೆಂಗಳೂರು ಕತ್ತರಿಕ್ಕಾಯ್’ ಎಂದು ಕೇಳಿ ಕೊಳ್ಳುತ್ತಾರಲ್ಲ! 1908ರಲ್ಲಿ ಅವರ ನಂತರ ಬಂದ ಜರ್ಮನಿಯ ಕ್ರುಂಬಿಗಲ್, ಎರಡು ಮಹಾಯುದ್ಧಗಳಲ್ಲೂ ಜರ್ಮನ್ ಎಂಬ ಕಾರಣಕ್ಕೆ ಬಂಧನದಲ್ಲಿದ್ದವರು. ಆದರೂ ಬೆಂಗಳೂರು ಬಿಡದೆ 1956ರಲ್ಲಿ ಅಲ್ಲೇ ತೀರಿಕೊಂಡರು. ಅವರ ಸಮಾಧಿ ಹೊಸೂರು ರಸ್ತೆಯ ಮೆಥೊಡಿಸ್ಟ್ ಸ್ಮಶಾನದಲ್ಲಿದೆ. ಬಸ್ಸಿನಲ್ಲಿ ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇವೋ, ನಮಗೆ ಗೊತ್ತೇ ಇರಲಿಲ್ಲ.

ಸಂಚಿಕೆಯಲ್ಲಿ ಶೀರ್ಷಿಕೆ ತಿದ್ದಿದ್ದೇವೆ. ಕಾರ್ಡನ್ನು ಹಿಂದಿರುಗಿಸಲು ಹೋದಾಗ ಅಜ್ಜಿ ಕನ್ನಡಕ ಹಾಕಿಕೊಂಡು, ಆ ಮಾಲಿ ಅಲ್ಲೇ ಇದ್ದಾನೆಯೇ ಎಂದು ಒಮ್ಮೆ ನೋಡಿ, ಡಬ್ಬಿ ಮುಚ್ಚಿದರು.