ಎರಡು ಒಲೆಯ ಮನೆ

ಕುರುಗೋಡಿನ ನಮ್ಮ ಹಳೆಯ ಮಾಳಿಗೆ ಮನೆಯನ್ನು ಕೊಳ್ಳಲು ಬಂದವರು ತೊಲೆ, ಕಂಬ, ಬಾಗಿಲು ಎಲ್ಲವನ್ನೂ ತಟ್ಟಿ ನೋಡಿ ಮೆಚ್ಚುತ್ತಿದ್ದರು. ಪಡಸಾಲೆಗೆ ಬಂದೊಡನೆ ಮಾತು ನಿಲ್ಲುತ್ತಿತ್ತು. ಎಡಕ್ಕೊಂದು ಅಡುಗೆಮನೆ, ಬಲಕ್ಕೊಂದು ಅಡುಗೆಮನೆ. ಎರಡರಲ್ಲೂ ಮಣ್ಣಿನ ಒಲೆ, ಎರಡರ ಮೇಲೂ ಬೆಳಕಿಂಡಿ. “ಒಂದು ಮನೆಗೆ ಎರಡು ಯಾಕ್ರಿ?” ಎಂದು ಕೇಳದೆ ಹೋದವರಿಲ್ಲ. ಕೊನೆಗೆ ದಲ್ಲಾಳಿ ಅಪ್ಪನನ್ನು ಪಕ್ಕಕ್ಕೆ ಕರೆದು, “ಒಂದು ಒಲೆ ಕೀಳಿಸಿ ಸುಣ್ಣ ಹೊಡಿಸ್ಬಿಡ್ರಿ, ರೇಟು ತಾನಾಗೇ ಬರುತ್ತೆ” ಎಂದ. ಅಪ್ಪ ಇಲ್ಲ ಎನ್ನಲಿಲ್ಲ.

ಹಳೆಯ ಕ್ರಯಪತ್ರಗಳನ್ನು ಓದುವುದು ನನ್ನ ಸಂಶೋಧನೆಯ ಭಾಗ. 1800ರಲ್ಲಿ ನಿಜಾಮನಿಂದ ಕಂಪನಿಯ ಕೈಸೇರಿದ ಬಳ್ಳಾರಿ ಸೀಮೆ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಆ ಕಾಲದ್ದಾಗಿ ನಾನು ನೋಡಿದ ಪತ್ರಗಳಲ್ಲಿ ಚಕ್ಕುಬಂದಿ ಇದೆ, ಬಾವಿ ಇದೆ, ನೀರು ಹರಿದುಹೋಗುವ ದಾರಿಯೂ ಇದೆ. ಅಡುಗೆಮನೆ ಮಾತ್ರ ಇಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಮಣ್ಣಿನ ಒಲೆಯನ್ನು ಒಂದು ದಿನದಲ್ಲಿ ಕಿತ್ತು ಇನ್ನೊಂದು ಮೂಲೆಯಲ್ಲಿ ಹಾಕಿಕೊಳ್ಳಬಹುದು. ಅದಕ್ಕೆ ಬೆಲೆ ಕಟ್ಟುವವರು ಯಾರು?

ಪತ್ರದಲ್ಲಿ ಇಲ್ಲದ ಒಲೆ ನಮ್ಮ ಮಾತಿನಲ್ಲಿ ಇದೆ. ಅಣ್ಣತಮ್ಮಂದಿರು ಬೇರೆಯಾದರು ಎನ್ನಲು ನಾವು “ಒಲೆ ಬೇರೆ ಆಯ್ತು” ಎನ್ನುತ್ತೇವೆ. ಕಾನೂನಿಗೂ ಒಲೆಯ ಲೆಕ್ಕ ಬೇಕಾಗಿತ್ತು. ಹಿಂದೂ ಅವಿಭಕ್ತ ಕುಟುಂಬ ಊಟ, ಪೂಜೆ, ಆಸ್ತಿ ಈ ಮೂರರಲ್ಲೂ ಒಂದೇ ಎಂದು ವಸಾಹತು ಕಾಲದ ನ್ಯಾಯಾಲಯಗಳು ಭಾವಿಸಿಕೊಂಡು ಹೊರಡುತ್ತಿದ್ದವು. ಅವು ಆಧಾರವಾಗಿಟ್ಟುಕೊಂಡ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. ನಮ್ಮ ಕುರುಗೋಡಿನ ಸಿಂದರು ಅದೇ ಕಲ್ಯಾಣದ ಚಾಲುಕ್ಯರ ಸಾಮಂತರು. ಆದರೆ ನ್ಯಾಯಾಲಯಗಳು ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿದ್ದವು: ಒಲೆ ಬೇರೆಯಾದ ಮಾತ್ರಕ್ಕೆ ಆಸ್ತಿ ಭಾಗವಾಯಿತು ಎನ್ನಲಾಗದು.

ನಮ್ಮ ಮನೆಯ ಕಥೆ ಇದೇ. ತಾತ ಮತ್ತು ಸಣ್ಣ ತಾತ ಒಲೆ ಬೇರೆ ಮಾಡಿಕೊಂಡರು, ವಿಭಾಗಪತ್ರ ಮಾಡಿಕೊಳ್ಳಲಿಲ್ಲ. ಸಣ್ಣ ತಾತನಿಗೆ ಇಬ್ಬರೂ ಹೆಣ್ಣುಮಕ್ಕಳು. ಇಬ್ಬರೂ ಮದುವೆಯಾಗಿ ಆದೋನಿ ಕಡೆ ಹೋದರು. ಬಲಗಡೆಯ ಒಲೆ ಆರಿತು. ಖಾತೆಯಲ್ಲಿ ಉಳಿದದ್ದು ತಾತನ ಹೆಸರೊಂದೇ.

ಎರಡು ಅಡುಗೆಮನೆ ಎಲ್ಲ ಕಡೆಯೂ ದೋಷವಲ್ಲ. ಬಳ್ಳಾರಿ ನಗರದಲ್ಲಿ ನಾನು ಬಾಡಿಗೆಗಿರುವ ಮನೆಯಲ್ಲಿ ಮೇಲೊಂದು, ಕೆಳಗೊಂದು ಇದೆ. ಅಲ್ಲಿ ಎರಡನೆಯದು ಎಂದರೆ ಎರಡನೆಯ ಬಾಡಿಗೆ. ಸಿರುಗುಪ್ಪದಲ್ಲಿ ಸೋದರಮಾವನ ಮನೆಯ ಹಿತ್ತಲಲ್ಲೂ ಒಂದು ಅಡುಗೆಮನೆಯಿದೆ. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಂದಮೇಲೆ ಅದು ಭತ್ತದ ಸೀಮೆಯಾಯಿತು. ಕೊಯ್ಲಿನ ಆಳುಗಳಿಗೆ ಅಲ್ಲೇ, ಭತ್ತದ ಹೊಟ್ಟಿನ ಒಲೆಯ ಮೇಲೆ ಅಡುಗೆ. ಅಂಥ ಮನೆ ಕೊಳ್ಳುವ ರೈತ ಅದನ್ನು ಅನುಕೂಲ ಎಂದೇ ಎಣಿಸುತ್ತಾನೆ. ಅಡುಗೆಮನೆ ವಿಚಿತ್ರವೋ ಅಲ್ಲವೋ ಎಂಬುದು ಅದರ ಆಕಾರದಲ್ಲಿಲ್ಲ. ಅಲ್ಲಿ ಯಾರು ಉಂಡರು, ಅವರಿಗೆ ಮನೆಯ ಮೇಲೆ ಏನು ಹಕ್ಕು ಎಂಬುದರಲ್ಲಿದೆ.

ಕುರುಗೋಡಿಗೆ ಬಂದ ಕೊನೆಯ ಗಿರಾಕಿ ವಾಸ್ತು ಕೇಳಲಿಲ್ಲ. ಆರಿದ ಒಲೆಯ ಮುಂದೆ ನಿಂತು, “ಇಲ್ಲಿ ಯಾರಿದ್ರು?” ಎಂದರು. ಅಪ್ಪ ತಡವರಿಸಿದರು. ಮಾರನೆಯ ದಿನ ಅವರ ವಕೀಲರು ವಂಶವೃಕ್ಷ ಕೇಳಿದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ತಂದೆಯ ಪಾಲಿನಲ್ಲಿ ಮಗಳಿಗೂ ಹಕ್ಕು ಕೊಟ್ಟಿದೆ. ಜನ್ಮದಿಂದಲೇ ಬರುವ ಹಕ್ಕನ್ನು ಕರ್ನಾಟಕ 1994ರಲ್ಲಿ ಕೊಟ್ಟಿತಾದರೂ ಆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಅತ್ತೆಯರಿಬ್ಬರ ಸಹಿ ಇಲ್ಲದೆ ಮನೆ ಕೊಳ್ಳುವುದಿಲ್ಲ ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಹಾಗಾಗಿ “ಅಡುಗೆಮನೆ ಬೇರೆ ಥರ ಇದ್ದರೆ ಮನೆ ಮಾರಾಟಕ್ಕೆ ತೊಂದರೆಯೇ?” ಎಂದು ಯಾರಾದರೂ ಕೇಳಿದರೆ, ಹೌದು ಎನ್ನುತ್ತೇನೆ. ನಮಗೆ ನಾಲ್ಕು ತಿಂಗಳು ತಡವಾಯಿತು, ಬೆಲೆಯೂ ಸ್ವಲ್ಪ ಇಳಿಯಿತು. ಬಂದ ಹಣ ಎರಡು ಪಾಲಾಯಿತು. ದಲ್ಲಾಳಿಯ ಮಾತು ಕೇಳಿ ಒಲೆ ಕೀಳಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ; ಅತ್ತೆಯರ ಹೆಸರೂ ಆ ಸುಣ್ಣದ ಕೆಳಗೇ ಉಳಿದುಬಿಡುತ್ತಿತ್ತು.

ನೋಂದಣಿಯ ದಿನ ಇಬ್ಬರೂ ಬಂದು ಹೆಬ್ಬೆಟ್ಟು ಒತ್ತಿದರು. ಹೊಸ ಕ್ರಯಪತ್ರವನ್ನು ನಾನು ಎರಡು ಸಲ ಓದಿದೆ. ಅದರಲ್ಲೂ ಒಲೆಯ ಮಾತಿಲ್ಲ. ಚಕ್ಕುಬಂದಿಯ ಕೆಳಗೆ, ಮಾರುವವರ ಸಾಲಿನಲ್ಲಿ, ಅಪ್ಪನ ಹೆಸರಿನ ಜೊತೆ ಅವರಿಬ್ಬರ ಹೆಸರುಗಳಿದ್ದವು.