ಗಣಿಯ ಧೂಳು, ಗಾಜಿನ ತಟ್ಟೆ

ಕ್ಯಾಸಂಬಳ್ಳಿಯಿಂದ ಚಿನ್ನದ ಗಣಿಗಳ ಕಡೆಗೆ ಹೋದವರು ಅಲ್ಲಿಯ ಬೂದುಬಣ್ಣದ ದಿಬ್ಬಗಳನ್ನು ಕಂಡೇ ಇರುತ್ತಾರೆ. ಅದಿರನ್ನು ಅರೆದು, ಸೈನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಹುಡಿ ಅದು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕಾಲಿಟ್ಟ ಈ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು, 2001ರ ಫೆಬ್ರವರಿ 28ರಂದು ಮುಚ್ಚಿದವು.

ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿ ಅದನ್ನು ಗಡುಸುಗೊಳಿಸುತ್ತದೆ. ಇದೇ ಸಿಲಿಕೋಸಿಸ್. ಕೋಲಾರದ ಗಣಿಕಾರ್ಮಿಕರಲ್ಲಿ ಈ ರೋಗವಿದ್ದುದನ್ನು 1947ರ ವರದಿಯೊಂದು ದಾಖಲಿಸಿತು. ಸಿಲಿಕೋಸಿಸ್ ಕ್ಯಾನ್ಸರ್ ಅಲ್ಲ. ಆದರೆ ಉಸಿರಿನೊಡನೆ ಒಳಹೋಗುವ ಸ್ಫಟಿಕರೂಪದ ಸಿಲಿಕಾ ಮನುಷ್ಯರಲ್ಲಿ ಕ್ಯಾನ್ಸರನ್ನೂ ತರಬಲ್ಲುದೆಂದು 1997ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸಾರಿತು. ಹೊರಗಿನ ವಸ್ತುವೊಂದು ನೆಮ್ಮದಿಯಾಗಿದ್ದ ಜೀವಕೋಶವನ್ನು ದಾರಿ ತಪ್ಪಿಸುವುದಾದರೂ ಹೇಗೆ?

ಕಸುಬಿಗೂ ಈ ರೋಗಕ್ಕೂ ಇರುವ ನಂಟು ಹಳೆಯದು. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ, ಹೊಗೆಕೊಳವೆ ಗುಡಿಸುವವರಲ್ಲಿ ಕಂಡ ಕ್ಯಾನ್ಸರಿಗೆ ಮಸಿಯೇ ಕಾರಣವೆಂದ. 1879ರಲ್ಲಿ ಜರ್ಮನಿಯ ಷ್ನೇಬರ್ಗ್ ಗಣಿಗಾರರ ಎದೆಯ ರೋಗ ಕ್ಯಾನ್ಸರೆಂದು ಹಾರ್ಟಿಂಗ್ ಮತ್ತು ಹೆಸ್ಸೆ ತಿಳಿಸಿದರು. ಅದರ ಹಿಂದೆ ಕಲ್ಲಿನಿಂದ ಹೊಮ್ಮುವ ರೇಡಾನ್ ಅನಿಲದ ವಿಕಿರಣವಿದ್ದುದು ಬಹುಕಾಲದ ನಂತರ ತಿಳಿಯಿತು. 1915ರಲ್ಲಿ ಜಪಾನಿನ ಯಾಮಗಿವಾ ಮತ್ತು ಇಚಿಕಾವಾ, ಮೊಲದ ಕಿವಿಗೆ ತಿಂಗಳುಗಟ್ಟಲೆ ಡಾಂಬರು ಹಚ್ಚಿ ಕ್ಯಾನ್ಸರನ್ನು ಬರಿಸಿದರು.

ಆದರೂ ಕೋಶದೊಳಗಣ ಕಥೆ ಮರೆಯಲ್ಲೇ ಇತ್ತು. 1963ರಲ್ಲಿ ಇಸ್ರೇಲಿನ ಬೆರ್ವಾಲ್ಡ್ ಮತ್ತು ಲಿಯೋ ಸ್ಯಾಕ್ಸ್, ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಭ್ರೂಣದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಡಾಂಬರಿನಲ್ಲಿರುವ ಬೆಂಜೋಪೈರೀನಿನಂಥ ರಾಸಾಯನಿಕಗಳನ್ನು ಬೆರೆಸಿದರು. ಆರೋಗ್ಯದ ಕೋಶಗಳು ಸಾಲುಗೂಡಿ ಬೆಳೆದು, ನೆರೆಯದು ತಾಗಿದಾಗ ನಿಲ್ಲುತ್ತವೆ. ಕೆಟ್ಟ ಕೋಶಗಳು ಆ ಮರ್ಯಾದೆಯನ್ನು ಮೀರಿ, ಅಡ್ಡಾದಿಡ್ಡಿಯಾಗಿ ಒಂದರ ಮೇಲೊಂದು ಗುಡ್ಡೆಗೂಡಿದವು. 1966ರಲ್ಲಿ ಕಾರ್ಮಿಯಾ ಬೋರೆಕ್ ಮತ್ತು ಸ್ಯಾಕ್ಸ್ ಎಕ್ಸ್‌ಕಿರಣವೂ ಇದನ್ನೇ ಮಾಡುವುದೆಂದು ತೋರಿದರು. ಕಿರಣ ತಗುಲಿದ ಕೋಶ ಆಮೇಲೆ ವಿಭಜಿಸಿದರೆ ಮಾತ್ರ ವಿಕಾರ ಬೇರೂರುತ್ತದೆಂಬುದು ಮುಂದೆ ಅವರು ಕಂಡ ಸತ್ಯ. 1984ರಲ್ಲಿ ಹೆಸ್ಟರ್‌ಬರ್ಗ್ ಮತ್ತು ಬ್ಯಾರೆಟ್ ಕಲ್ನಾರಿನ ಎಳೆಗಳನ್ನು ಪರೀಕ್ಷಿಸಿದಾಗ, ಸಿಲಿಕಾದ ಹುಡಿಯೂ ಅಂಥ ಕೋಶಗಳನ್ನು ಕೆಡಿಸಿದ್ದು ಕಂಡುಬಂತು. ಕಲ್ನಾರಿಗಿಂತ ಅದರ ಶಕ್ತಿ ಕಡಿಮೆ, ಅಷ್ಟೆ.

ತಟ್ಟೆಯಲ್ಲಿ ಕೆಟ್ಟ ಕೋಶವೆಲ್ಲ ದೇಹದಲ್ಲಿ ಗಡ್ಡೆಯಾಗುವುದಿಲ್ಲ. ಹಾನಿಯನ್ನು ಸರಿಪಡಿಸುವ ವ್ಯವಸ್ಥೆ ದೇಹಕ್ಕುಂಟು. ಅದು ಸೋತಲ್ಲಿ ಮಾತ್ರ ಒಂದು ಕೋಶದ ದೋಷ ಪೀಳಿಗೆಯಿಂದ ಪೀಳಿಗೆಗೆ ಇಳಿದು, ಇನ್ನಷ್ಟು ದೋಷಗಳನ್ನು ಕೂಡಿಸಿಕೊಂಡು, ವರ್ಷಗಳ ನಂತರ ರೋಗವಾಗಿ ಮೈದೋರುತ್ತದೆ. ನಮ್ಮ ಹಿಂದಿನವರು ಈ ಗಡ್ಡೆಯನ್ನು ಅರ್ಬುದವೆಂದರು. ಹತ್ತು ಕೋಟಿ ಎಂಬ ಸಂಖ್ಯೆಗೂ ಅದೇ ಹೆಸರು. ಒಂದು ಅರ್ಬುದವಾಗುವುದಕ್ಕೆ ಕಾಲ ಬೇಕು.

ಈ ಕಾಲದ ಲೆಕ್ಕವನ್ನು ನಾವು ಮರೆಯಲಾಗದು. ಗಣಿಯ ಬಾಗಿಲು ಮುಚ್ಚಿದ ದಿನ ಕಾರ್ಮಿಕನ ಕೂಲಿ ನಿಂತಿತು; ಅವನ ಎದೆಗೂಡಿನಲ್ಲಿ ನಿಂತ ಧೂಳಿಗೆ ಆ ದಿನಾಂಕ ತಿಳಿಯದು. ಪಾಳಿ ಮುಗಿಸಿ ಮನೆಗೆ ಬಂದ ಆ ಹಿರಿಯರು ಕೆಮ್ಮಿದಾಗ ಅದನ್ನು ವಯಸ್ಸಿನ ಕೆಮ್ಮೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಕರೆದೊಯ್ಯುವುದು, ಆ ಚಿನ್ನದ ಋಣದಲ್ಲಿ ನಾವು ತೀರಿಸಬಹುದಾದ ಒಂದು ಪಾಲು.